ಮಗ್ಗ ನಿಂತಾಗ ಕೇಳುವ ಪದ

ಮೌನವಿಲ್ಲದೆ ಮನುಷ್ಯನ ಆತ್ಮ ಬೆಳೆಯುವುದಿಲ್ಲ; ಎಲ್ಲ ಸಂಗೀತಕ್ಕೂ ಮೌನವೇ ತಾಯಿ. ಹೀಗೆ ಹೇಳಿದ ಮಹನೀಯರು ಯಾರೇ ಇರಲಿ, ಬನಹಟ್ಟಿಯಲ್ಲಿ ಒಂದು ತಿಂಗಳು ಬಾಡಿಗೆ ಮನೆ ಹಿಡಿದು ನೋಡಿದವರಲ್ಲ.

ನಮ್ಮದು ಸ್ವಂತ ಮನೆ. ಅದರ ಒಂದು ಗೋಡೆಯ ಆಚೆ ಪಕ್ಕದವರ ಪವರ್‌ಲೂಮಿನ ಶೆಡ್ಡು. ಮಗ್ಗಗಳು ಖಟಲ್ ಖಟಲ್ ಎಂದು ನಡೆಯುವಾಗ ನಮ್ಮ ಗೋಡೆಯ ಕ್ಯಾಲೆಂಡರು ತಾನೂ ಸಣ್ಣಗೆ ನಡುಗುತ್ತದೆ. ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳು ದಿನವಿಡೀ ಇಷ್ಟಿಷ್ಟೇ ಸರಿದು ಸಂಜೆಗೆ ಅಂಚಿಗೆ ಬಂದು ನಿಲ್ಲುತ್ತವೆ. ಅವನ್ನು ಹಿಂದಕ್ಕೆ ತಳ್ಳುವುದು ಗಂಡನಾದ ನನಗೆ ವಹಿಸಿಕೊಟ್ಟಿದ್ದ ಏಕೈಕ ಅಡುಗೆಮನೆಯ ಜವಾಬ್ದಾರಿ. ಓಣಿಯ ಜನ ಬಾಯಿಗಿಂತ ಕೈಯಿಂದಲೇ ಹೆಚ್ಚು ಮಾತಾಡುತ್ತಾರೆ. ಉಂಡಿರಾ ಎನ್ನುವುದಕ್ಕೆ ಒಂದು ಸನ್ನೆ, ಚಹಾ ಕುಡಿಯುತ್ತೀರಾ ಎನ್ನುವುದಕ್ಕೆ ಒಂದು, ನಿಮ್ಮ ಮಗ ಮತ್ತೆ ಫೇಲಾದನಂತಲ್ಲ ಎನ್ನುವುದಕ್ಕೂ ಒಂದು ಇದೆ.

ಇಲ್ಲಿ ಮಗ್ಗ ನಿಲ್ಲಬೇಕಾದರೆ ಕರೆಂಟು ಹೋಗಬೇಕು, ಅಮಾವಾಸ್ಯೆ ಬರಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಓಣಿಯಲ್ಲಿ ಸಾವಾದರೆ ಹೆಣಕ್ಕೆ ಮಣ್ಣು ಕೊಟ್ಟು ಮುಗಿಯುವವರೆಗೆ ಎಲ್ಲರೂ ಮಗ್ಗ ನಿಲ್ಲಿಸುತ್ತಾರೆ. ಮನೆಮನೆಗೆ ಹೇಳಿ ಕಳಿಸುವ ಪದ್ಧತಿಯಿಲ್ಲ. ಸತ್ತವರ ಪಕ್ಕದ ಶೆಡ್ಡು ನಿಲ್ಲುತ್ತದೆ, ಅದನ್ನು ಕೇಳಿ ಮುಂದಿನದು, ಅದನ್ನು ಕೇಳಿ ಅದರ ಮುಂದಿನದು. ಕರೆಂಟು ಇದ್ದೂ ಸಪ್ಪಳ ನಿಂತಿತೆಂದರೆ ಜನ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಅದೇ ಸುದ್ದಿ.

ನನ್ನ ಹೆಂಡತಿ ಘಟಪ್ರಭೆಯ ದಂಡೆಯ ಅನಗವಾಡಿಯವಳು. ಹೊಳೆಯಲ್ಲಿ ಮೀನು ನೆಗೆದರೂ ಕೇಳಿಸುವ ಊರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಗೋಡೆಯ ಕಡೆ ಕೈ ಮಾಡಿ, "ಇದು ಯಾವಾಗ ನಿಂದರತೈತ್ರೀ?" ಎಂದು ಕೇಳಿದಳು.

"ಅಮಾಸಿಗೆ," ಎಂದೆ.

ಗಡಿಯಾರ ನೋಡುತ್ತಿದ್ದವಳು ಕ್ಯಾಲೆಂಡರ್ ನೋಡಿದಳು.

ನಾನು ಜಮಖಂಡಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವಳು ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಗ್ಗದ ಸಪ್ಪಳವನ್ನು ಮೀರಿಸಿ ಮಕ್ಕಳಿಂದ ಮಗ್ಗಿ ಹೇಳಿಸಿದವಳು. ಮನೆಯಲ್ಲಿ ನಾವಿಬ್ಬರೇ, ಮೊದಲಿನಿಂದಲೂ ಇಬ್ಬರೇ. ನಿವೃತ್ತಿಯ ದಿನ ಶಾಲು ಹೊದೆಸಿಕೊಂಡು ಬಂದವಳು ಕುರ್ಚಿಯಲ್ಲಿ ಕುಳಿತು, "ಒದರೂದು ಸಾಕಾತ್ರಿ," ಎಂದಳು.

ಗಿಟಾರು ನಮ್ಮ ಮನೆಗೆ ಬಂದದ್ದು ಮುಧೋಳದ ಬಸ್ ಸ್ಟ್ಯಾಂಡಿನ ದೆಸೆಯಿಂದ. ಬೀಳಗಿಗೆ ಒಂದು ಮದುವೆಗೆ ಹೊರಟಿದ್ದೆವು. ಬೆಂಚಿನ ಮೇಲೆ ಯಾವನೋ ಒಬ್ಬ ತರುಣ ತನ್ನ ಬ್ಯಾಗಿಗೆ ಒರಗಿ ಗಿಟಾರು ಬಾರಿಸುತ್ತಿದ್ದ. ಅಲ್ಲಿಯವರೆಗೆ ಗಿಟಾರಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದು ಕಾಲೇಜಿನ ಗ್ಯಾದರಿಂಗಿನಲ್ಲಿ ಕೂದಲು ಬಿಟ್ಟ ಹುಡುಗರ ಕೊರಳಿಗೆ ನೇತು ಬಿದ್ದು, ಕರೆಂಟು ಕುಡಿದು ಅರಚುವ ಪ್ರಾಣಿ ಎಂದು ತಿಳಿದಿದ್ದೆ. ಇದಕ್ಕೆ ವೈರು ಇರಲಿಲ್ಲ, ಸ್ಪೀಕರಿನ ಡಬ್ಬವಿರಲಿಲ್ಲ. ಬರೀ ಕಟ್ಟಿಗೆ, ಒಳಗೆ ಪೊಳ್ಳು. ಅವನು ಬೆರಳ ತುದಿಯಿಂದ ಒಂದೊಂದೇ ತಂತಿ ಮುಟ್ಟುತ್ತಿದ್ದ; ಬಾವಿಯ ನೀರಿಗೆ ಬೇವಿನಕಾಯಿ ಬಿದ್ದಂತೆ ಸದ್ದು ಬರುತ್ತಿತ್ತು. ಕೇಳು ಎಂದು ಅದು ಯಾರನ್ನೂ ಒತ್ತಾಯಿಸುತ್ತಿರಲಿಲ್ಲ. ಬಾಗಿಲ ಹತ್ತಿರವೇ ಕುಳಿತು, ನೀರೂ ಕೇಳದೆ ಎದ್ದುಹೋಗುವ ಬೀಗರ ಹಾಗೆ.

ಬೀಳಗಿಯ ಬಸ್ಸು ಬಂತು. ನಾನು ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದೆ. ಕರೆದರೆ ಅವಳು ಏಳಲಿಲ್ಲ. ಹೋಗಲಿ ಎಂದು ಕೈ ಮಾಡಿದಳು. ಕರ್ಚೀಫು ಹಾಕಿ ಹಿಡಿದ ಸೀಟನ್ನು ಬಿಡುವುದೆಂದರೆ ನಮ್ಮ ಕಡೆ ಹೊಲ ಬಿಟ್ಟುಕೊಟ್ಟಂತೆ. ಬಸ್ಸು ಹೋಯಿತು, ಕರ್ಚೀಫೂ ಹೋಯಿತು.

"ಮದಿವ್ಯಾಗ ಊಟಾ ತಪ್ಪತೈತಿ ನೋಡು," ಎಂದೆ.

"ಊಟಾ ಎಲ್ಲೆರ ಸಿಗತೈತ್ರಿ. ಇದು ಸಿಗೂದಿಲ್ಲ. ಸುಮ್ಮ ಕುಂಡ್ರಿ."

ಮುಂದಿನ ವಾರ ಜಮಖಂಡಿಯ ಅಂಗಡಿಗೆ ಹೋದೆವು. ಅಂಗಡಿಯವ ಗಿಟಾರು ಇಳಿಸುತ್ತ ನನ್ನನ್ನು ಕೇಳಿದ: "ಯಾರಿಗ್ರಿ, ಮೊಮ್ಮಗಗೇನು?"

"ನನಗ," ಎಂದಳು ಇವಳು. ಅವನು ಅವಳಿಗೊಂದು ಕುರ್ಚಿ ಹಾಕಿದ.

ಕಲಿತದ್ದು ಮೊಬೈಲಿನಲ್ಲಿ. ಯಾರೋ ಕಲಿಸುವವರ ಬೆರಳನ್ನು ಪರದೆಯ ಮೇಲೆ ನೋಡುವುದು, ತನ್ನ ಬೆರಳನ್ನು ಅಲ್ಲಿಗೇ ಇಡುವುದು. ರೊಟ್ಟಿ ಬಡಿದು ಗಟ್ಟಿಯಾಗಿದ್ದ ಕೈ ತಂತಿಗೆ ಹೆದರಲಿಲ್ಲ. ತೊಂದರೆ ಒಂದೇ: ಬಾರಿಸಿದ್ದು ಅವಳಿಗೇ ಕೇಳುತ್ತಿರಲಿಲ್ಲ. ಅದಕ್ಕೆ ಗಿಟಾರಿನ ಮೈಗೆ ಕೆನ್ನೆ ಒತ್ತಿ ಬಾರಿಸುತ್ತಿದ್ದಳು. ಕಟ್ಟಿಗೆಯಿಂದ ಎಲುಬಿಗೆ, ಎಲುಬಿನಿಂದ ಕಿವಿಗೆ. ನಾನೂ ಒಮ್ಮೆ ಇನ್ನೊಂದು ಮಗ್ಗುಲಿಗೆ ಕಿವಿ ಹಚ್ಚಿ ನೋಡಿದೆ. ತಂತಿಯ ಜೊತೆಗೆ ಮಗ್ಗವೂ ಒಳಗೆ ಬಂದು ಕುಳಿತಿತ್ತು. ಅದೇ ಹೊತ್ತಿಗೆ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಕೇಳಲು ಬಂದು, ಇಳಿವಯಸ್ಸಿನ ಇಬ್ಬರು ಒಂದು ಗಿಟಾರನ್ನು ನಡುವೆ ಇಟ್ಟುಕೊಂಡು ಕೂತದ್ದನ್ನು ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋದಳು. ಆಮೇಲೆ ನಾನು ಆ ಪ್ರಯೋಗ ಮಾಡಲಿಲ್ಲ.

ಅವಳು ತಂತಿಗೆ ಕೂಡಿಸಿಕೊಂಡದ್ದು ತಾಯಿಯ ಬೀಸುವ ಪದದ ಧಾಟಿ. ತಾಯಿ ಕಲ್ಲು ತಿರುವುತ್ತ ಹಾಡುವಾಗ ಇವಳು ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳಂತೆ. ಮಾತುಗಳು ಮರೆತಿದ್ದವು, ಧಾಟಿ ಉಳಿದಿತ್ತು.

"ಕಾಳು ಮುಗೀತ ಬಂದಂಗ ಅವ್ವನ ದನಿ ಸಣ್ಣ ಆಗತಿತ್ರಿ. ಕಡೀಕ ಎಲ್ಲಿ ಮುಗೀತಿತ್ತೋ ನನಗ ಗೊತ್ತ ಆಗತಿರಲಿಲ್ಲ. ನಿದ್ದಿ ಹತ್ತತಿತ್ತು."

ಆ ಕೊನೆಯನ್ನು ಅವಳು ಬಹಳ ದಿನ ತಂತಿಯ ಮೇಲೆ ಹುಡುಕಿದಳು. ಒಂದು ದಿನ ಒಲೆಯ ಮುಂದಿನಿಂದ ಎದ್ದು ಬಂದು, "ಸಿಕ್ಕತ್ರಿ," ಎಂದಳು. ಬಾರಿಸಿದಳು. ಬೆರಳು ಆಡಿದ್ದು ಕಂಡಿತು, ಮೊದಲಿನ ಭಾಗ ಅಲ್ಲಲ್ಲಿ ಕೇಳಿತು. ಕೊನೆಗೆ ಬೆರಳು ತಂತಿಯನ್ನು ಮುಟ್ಟಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗಾಯಿತು. ಆಚೆ ಮಗ್ಗಗಳು ನಡೆದೇ ಇದ್ದವು. ನಾನು ತಲೆಯಾಡಿಸಿದೆ.

"ಸುಳ್ಳ ತಲಿ ಹಾಕಬ್ಯಾಡ್ರಿ. ಕಡೀದು ನಿಮಗ ಕೇಳಿಲ್ಲ."

ಆ ವರ್ಷವೇ ಅವಳಿಗೆ ನಾಲ್ಕು ಹೆಜ್ಜೆಗೆ ಉಬ್ಬಸ ಬರತೊಡಗಿತು. ಜಮಖಂಡಿಯ ಡಾಕ್ಟರು ಪರೀಕ್ಷೆ ಮಾಡಿ, ಹೃದಯ ದೊಡ್ಡದಾಗಿದೆ, ದಣಿದಿದೆ ಎಂದರು. ಅದು ಮೊದಲಿನಿಂದಲೂ ದೊಡ್ಡದೇ ಎಂದೆ ನಾನು. ಅವರು ನಗಲಿಲ್ಲ. ಗುಳಿಗೆ ಬರೆದರು, ಭಾರ ಎತ್ತಬೇಡಿ ಎಂದರು, ನನ್ನನ್ನು ಒಬ್ಬನನ್ನೇ ಒಳಗೆ ಕರೆದು ಉಳಿದದ್ದನ್ನು ಹೇಳಿದರು. ಹೊರಗೆ ಬಂದಾಗ ಅವಳು ನನ್ನ ಮುಖ ಓದಿದಳು. ಮಗ್ಗದ ಓಣಿಯಲ್ಲಿ ಬಾಳಿದವರಿಗೆ ಅದು ಕಷ್ಟದ ಕೆಲಸವಲ್ಲ.

ಆಟೋದಲ್ಲಿ ಹೇಳಿದಳು: "ಗಿಟಾರ್ ಹಗರ ಐತ್ರಿ, ಎತ್ತಬಹುದು. ನಾ ಇರೂದ್ರಾಗ ಒಂದ ಸಲ ನಿಮಗ ಅದನ್ನ ಕಡೀತನಕ ಕೇಳಸ್ತೀನಿ. ಅಷ್ಟ ನೋಡ್ರಿ ನಂದು."

ಅಲ್ಲಿಂದ ನಾವು ಕರೆಂಟು ಹೋಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಏಕೈಕ ಕುಟುಂಬವಾದೆವು. ಜೀವನವಿಡೀ ಕರೆಂಟಿನವರನ್ನು ಬೈದದ್ದಕ್ಕೆ ಶಿಕ್ಷೆಯೋ ಎಂಬಂತೆ, ಆ ವರ್ಷ ಅವರು ಅದ್ಭುತವಾಗಿ ಕೆಲಸ ಮಾಡಿದರು. ಕರೆಂಟು ಹೋದರೂ ಅವಳು ಗಿಟಾರು ತೊಡೆಗೆ ಇಟ್ಟುಕೊಳ್ಳುವುದರೊಳಗೆ ಬರುತ್ತಿತ್ತು. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿದ್ದವು, ಗುಡಿಯ ಲೌಡ್‌ಸ್ಪೀಕರು ಶುರುವಾಗುತ್ತಿತ್ತು. ಅನಗವಾಡಿಗೆ ಕರೆದುಕೊಂಡು ಹೋದೆ. ಅಲ್ಲಿ ಅವಳ ತಮ್ಮನ ಮನೆಯವರೆಲ್ಲ ಸುತ್ತ ಕುಳಿತು ಸಿನಿಮಾ ಹಾಡು ಬಾರಿಸೆಂದರು. ಎಲ್ಲರಿಂದ ತಪ್ಪಿಸಿಕೊಂಡು ಹೊಳೆಯ ದಾರಿ ಹಿಡಿದರೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ, ಒಂದೊಂದೂ ತನ್ನದೇ ಹಾಡು ಹಚ್ಚಿಕೊಂಡು ಬರುತ್ತಿದ್ದವು. ಅವಳು ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ.

"ಮನಿಗೆ ನಡೀರಿ. ನಮ್ಮ ಮನಿಯಾಗ ಕೇಳಸ್ತೀನಿ," ಎಂದಳು.

ಕೊನೆಗೆ ಪಕ್ಕದ ಶೆಡ್ಡಿನವನಿಗೆ ನಾನು ವಿಷಯ ಹೇಳಿದೆ. ಅವನು ಚಿಕ್ಕಂದಿನಲ್ಲಿ ಇವಳ ಕ್ಲಾಸಿನಲ್ಲಿ ಕಲಿತವನು. ಕೇಳಿ ಸಿಟ್ಟಾದ. ಸೀದಾ ಮನೆಗೆ ಬಂದು ಇವಳ ಮುಂದೆ ನಿಂತ.

"ಅಕ್ಕಾರ, ನಿಮ್ಮ ಕೈಲೆ ಕಪಾಳಕ್ಕ ತಿಂದಾಂವ ನಾ. ಬಾಜೂಕಿದ್ದು ಒಂದ ಮಾತ ಹೇಳೂದ ಬ್ಯಾಡೇನ್ರಿ? ಅರ್ಧಾ ತಾಸ ಮಗ್ಗ ನಿಂತ್ರ ಊರ ಬತ್ತಲೆ ಇರತೈತೇನು? ಈಗ ಬಾರಸ್ರಿ!"

ಹೋಗಿ ಮೇನ್ ಸ್ವಿಚ್ ತೆಗೆದ. ಅವನದು ನಿಂತಿತು. ಆಮೇಲೆ ಅದರ ಮುಂದಿನ ಶೆಡ್ಡು ನಿಂತಿತು, ಎದುರಿನದು ನಿಂತಿತು, ಓಣಿಯ ತುದಿಯವರೆಗೆ ಒಂದೊಂದಾಗಿ ನಿಂತವು. ಜನ ಎಷ್ಟು ಒಳ್ಳೆಯವರು ಎಂದು ನನ್ನ ಕಣ್ಣು ತುಂಬಿತು. ಅವಳು ಮೊದಲ ಸಲ ಕಟ್ಟಿಗೆಗೆ ಕೆನ್ನೆ ಹಚ್ಚದೆ, ನೆಟ್ಟಗೆ ಕುಳಿತು ಬಾರಿಸತೊಡಗಿದಳು. ಕಲ್ಲು ತಿರುಗಿತು, ಕಾಳು ಬಿತ್ತು, ಯಾರೋ ತೊಡೆಯ ಮೇಲೆ ಮಲಗಿದರು. ಇನ್ನೇನು ದನಿ ಇಳಿಯಬೇಕು, ಬಾಗಿಲಲ್ಲಿ ನೆರಳಾಯಿತು.

ಎದುರು ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಮುದುಕಿ ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಅವಳ ಹಿಂದೆ ಹೆಗಲಿಗೆ ಟವೆಲ್ಲು ಹಾಕಿಕೊಂಡ ಗಂಡಸರು. ಒಬ್ಬನಂತೂ ಹೂವಿನ ಹಾರವನ್ನೇ ತಂದಿದ್ದ. ಎಲ್ಲರೂ ಮೊದಲು ನನ್ನನ್ನು ನೋಡಿದರು, ಆಮೇಲೆ ಅವಳನ್ನು. ಲೆಕ್ಕ ಹತ್ತಲಿಲ್ಲ.

"ಯಾರ ಹ್ವಾದ್ರೋ ಯಪ್ಪಾ?" ಎಂದಳು ಮುದುಕಿ.

"ಯಾರೂ ಹೋಗಿಲ್ಲಬೇ ಯಮ್ಮಾ."

"ಯಾರೂ ಹೋಗಿಲ್ಲಂದ್ರ ಮಗ್ಗ ಯಾಕ ನಿಂತಾವು?"

ಟವೆಲ್ಲಿನವನೊಬ್ಬ ಬೇಸರದಿಂದ ಹೇಳಿದ: "ಸತ್ತಿಲ್ಲಂದ್ರ ಮೊದಲ ಹೇಳಬೇಕ್ರೀ ಸಾಹೇಬ್ರ. ನಾ ಉಣ್ಣೂದ ಬಿಟ್ಟ ಬಂದೇನಿ."

ಅವಳು ನಕ್ಕಳು. ಉಬ್ಬಸ ಬಂದು, ನೀರು ಕುಡಿದು, ಮತ್ತೆ ನಕ್ಕಳು. ಹಾರವನ್ನು ವಾಪಸ್ಸು ಒಯ್ಯುವುದು ಅಪಶಕುನವೆಂದು ಅದನ್ನು ಗಿಟಾರಿನ ಕೊರಳಿಗೆ ಹಾಕಿದರು. ಎಲ್ಲರಿಗೂ ಚಹಾ ಆಯಿತು. ಮುದುಕಿ ಮಾತ್ರ ಹೋಗುವಾಗ ಅವಳ ಗಲ್ಲ ಹಿಡಿದು, "ಬೀಸೂ ಪದ ಅಲ್ಲೇನ ಯವ್ವಾ ಅದು? ಪೂರಾ ಬಾರಸಲಿಲ್ಲಲ್ಲ," ಎಂದಳು.

ಅಷ್ಟರಲ್ಲಿ ಹೊತ್ತಾಗಿತ್ತು. ಸೀರೆಯ ಮಾಲು ಸೋಮವಾರ ವ್ಯಾಪಾರಿಗೆ ಮುಟ್ಟಬೇಕಿತ್ತು. ಪಕ್ಕದವನು ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಸೋಮವಾರ ಮಧ್ಯಾಹ್ನ ಮತ್ತ ನಿಂದರಸೂನು. ಇನ್ನ ಮ್ಯಾಲ ಕರೆಂಟ್ ಇದ್ದೂ ಮಗ್ಗ ನಿಂತ್ರ ಯಾರೂ ಓಡಿ ಬರಬ್ಯಾಡ್ರಿ. ಅಕ್ಕಾರು ಬಾರಸಾಕತ್ತಾರಂತ ತಿಳೀರಿ. ಅವರವರ ಕಟ್ಟಿ ಮ್ಯಾಲ ಸುಮ್ಮ ಕುಂತ ಕೇಳ್ರಿ. ಕೆಮ್ಮೂದೂ ಬ್ಯಾಡ."

ಹಾರ ಒಣಗಿದ ಮೇಲೂ ತೆಗೆಯಲು ಅವಳು ಬಿಡಲಿಲ್ಲ. "ಇರಲಿ ಬಿಡ್ರಿ, ಮರ್ಯಾದಿ ಮಾಡ್ಯಾರ," ಎಂದಳು.

ಸೋಮವಾರಕ್ಕೆ ಮೊದಲು ಗುರುವಾರ ಬಂತು. ಊಟವಾದ ಮೇಲೆ, "ಸ್ವಲ್ಪ ಅಡ್ಡಾಗತೇನ್ರಿ," ಎಂದು ಮಲಗಿದಳು. ನಾನು ಪೇಪರ್ ಓದಿದೆ, ಡಬ್ಬಿಗಳನ್ನು ಹಿಂದಕ್ಕೆ ತಳ್ಳಿದೆ, ಚಹಾ ಮಾಡಿದೆ. ನಮ್ಮ ಮನೆಯಲ್ಲಿ ಕೂಗಿ ಎಬ್ಬಿಸುವ ರೂಢಿಯಿಲ್ಲ, ಮುಟ್ಟಿ ಎಬ್ಬಿಸುತ್ತೇವೆ. ಮುಟ್ಟಿದೆ. ಕೈ ತಣ್ಣಗಿತ್ತು. ಚಹಾ ಬಿಸಿ ಇತ್ತು.

ಪಕ್ಕದ ಶೆಡ್ಡಿಗೆ ಹೋಗಿ ಅವನಿಗೆ ಹೇಳಿದೆ. ಸಪ್ಪಳದಲ್ಲಿ ಅವನಿಗೆ ಕೇಳಲಿಲ್ಲ. ಏನು ಎಂದು ಕೈ ಮಾಡಿದ. ಇನ್ನೊಮ್ಮೆ ಹೇಳಿದೆ. ಅವನು ನನ್ನ ತುಟಿ ನೋಡಿದ, ಆಮೇಲೆ ಸ್ವಿಚ್ಚಿನ ಕಡೆ ಓಡಿದ.

ಅವನದು ನಿಂತಿತು. ಮುಂದಿನದು ನಿಂತಿತು, ಎದುರಿನದು ನಿಂತಿತು, ಓಣಿಯ ತುದಿಯವರೆಗೆ ನಿಂತವು. ಬಹಳ ಒಳ್ಳೆಯ ಮೌನ. ಅವಳು ಬೇಡಿದ್ದು ಇಂಥದ್ದನ್ನೇ. ಮೊಳೆಗೆ ತೂಗುಹಾಕಿದ್ದ ಗಿಟಾರಿನ ಹಾರದಿಂದ ಒಂದು ಒಣಗಿದ ಹೂವು ಬಿದ್ದದ್ದೂ ಕೇಳಿಸಿತು.

ಯಾರೂ ಬರಲಿಲ್ಲ. ಪಕ್ಕದವನು, ಅವನ ಹೆಂಡತಿ, ನಾನು. ಬಹಳ ಹೊತ್ತು ಕಾದೆವು. ಇಷ್ಟು ವರ್ಷ ಈ ಓಣಿಯ ಎಲ್ಲರ ಮಣ್ಣಿಗೂ ಹೋದವನು ನಾನು. ಎದ್ದು ಬಾಗಿಲಿಗೆ ಬಂದೆ.

ಓಣಿಯ ಎರಡೂ ಬದಿ ಕಟ್ಟೆಗಳ ಮೇಲೆ ಜನ ಕುಳಿತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬಳು ತಾಯಿ ಕೂಸಿನ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟಿದ್ದಳು. ಒಬ್ಬ ಆಟೋದವನು ಇಂಜಿನ್ ಬಂದ್ ಮಾಡಿ ಆಟೋವನ್ನು ಕೈಯಿಂದ ತಳ್ಳಿಕೊಂಡು ಹೋಗುತ್ತಿದ್ದ. ಅಂದು ಉಣ್ಣುವುದನ್ನು ಬಿಟ್ಟು ಬಂದಿದ್ದವನು ಕಣ್ಣು ಮುಚ್ಚಿ ಕುಳಿತಿದ್ದ. ಸೋಮವಾರದ್ದು ಗುರುವಾರಕ್ಕೇ ಬಂತೆಂದು ತಿಳಿದಿದ್ದರು.

ಎದುರಿನ ಮುದುಕಿ ನನ್ನನ್ನು ನೋಡಿ, ಹೊಟ್ಟೆಯ ಮೇಲೆ ಬೆರಳಾಡಿಸಿ, ಅಂಗೈ ಮೇಲೆ ಮಾಡಿ ಕೇಳಿದಳು: ಯಾವಾಗ ಶುರು?

ಬಾಯಿ ಬಿಟ್ಟು ಹೇಳಬಹುದಿತ್ತು, ಎಲ್ಲರಿಗೂ ಕೇಳುತ್ತಿತ್ತು. ನಾನೂ ಕೈಯನ್ನೇ ಎತ್ತಿ, ಇಲ್ಲ ಎಂದು ತಿರುವಿದೆ. ಮುದುಕಿ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅದನ್ನು ನೋಡಿ ಎಲ್ಲರೂ ಎದ್ದರು.

ತನ್ನ ಮೊಬೈಲಿನಲ್ಲಿ ಅವಳು ಆ ಪದವನ್ನು ಪೂರ್ತಿ ರೆಕಾರ್ಡ್ ಮಾಡಿಟ್ಟಿದ್ದಾಳೆ. ಹಚ್ಚಿದರೆ ಅದರೊಳಗೂ ಮಗ್ಗವೇ ಕೇಳುತ್ತದೆ. ಪಕ್ಕದವನು ಬಂದು, "ಸೋಮವಾರ ನಿಂದರಸಲೇನ್ರಿ?" ಎಂದು ಕೇಳಿದ. ಬೇಡ ಎಂದೆ.

ಮಣ್ಣು ಶುಕ್ರವಾರ ಮಧ್ಯಾಹ್ನ ಮುಗಿಯಿತು. ಸಂಜೆಗೆ ಮಗ್ಗ ಶುರುವಾದವು. ಆ ಪದದ ಕೊನೆಯನ್ನು ನಾನು ಕೇಳಿಲ್ಲ.