ಗೊಂಬೆಗಳಿಗೆ ಉಡಿ ತುಂಬುವ ಲಗಮವ್ವ

ಬೆಳಗಿನ ಆರು ಗಂಟೆ. ಬೈಲಹೊಂಗಲದ ಜವಳಿ ಅಂಗಡಿ ಮಲಪ್ರಭಾ ಮಾಲ್‌ನ ಶಟರ್ ಅರ್ಧ ಎತ್ತಿ, ಲಗಮವ್ವ ಬಾಗಿ ಒಳಗೆ ಹೋಗುತ್ತಾರೆ. ದೀಪ ಹಾಕುವ ಮೊದಲೇ ಗೊಂಬೆಗಳನ್ನು ಎಣಿಸುತ್ತಾರೆ. ಆರು. ನಿನ್ನೆ ಇದ್ದಷ್ಟೇ ಇವೆ. ಆಮೇಲೆ ಉಸಿರು ಬಿಡುತ್ತಾರೆ.

ಈ ಗೊಂಬೆಗಳಿಗೆ ಸೀರೆ ಉಡಿಸುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಮೊದಲು ಮೂರು ಮಹಡಿಗಳಲ್ಲಿ ಇಪ್ಪತ್ತನಾಲ್ಕು ಗೊಂಬೆಗಳಿದ್ದವು. ಓಡುವ ಮೆಟ್ಟಿಲು ಹತ್ತಲಿಕ್ಕೆಂದೇ ಸವದತ್ತಿ, ರಾಮದುರ್ಗದಿಂದ ಜನ ಬರುತ್ತಿದ್ದರು. ಈಗ ಆ ಮೆಟ್ಟಿಲು ನಿಂತಿದೆ. ಮೇಲಿನ ಎರಡು ಮಹಡಿಗೆ ಬೀಗ ಬಿದ್ದು, ಅಲ್ಲಿನ ಗೊಂಬೆಗಳು ಒಂದೊಂದಾಗಿ ಮಾರಾಟವಾಗಿವೆ. ಜನ ಮದುವೆ ಜವಳಿಗೆಂದು ಬಂದು, ಹತ್ತು ಸೀರೆ ಬಿಚ್ಚಿಸಿ, ಫೋಟೊ ಹೊಡೆದುಕೊಂಡು ಹೋಗಿ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾರೆ. ಇದನ್ನು ಓದುತ್ತಿರುವವರಲ್ಲೂ ಅಂಥವರಿದ್ದೀರಿ. ಬಿಚ್ಚಿದ ಸೀರೆ ಮಡಚುವವರು ಯಾರೆಂದು ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?

ನಿರಿಗೆ ಹಿಡಿದು, ಸೆರಗು ಹೊದಿಸಿ, ಕೊನೆಗೆ ಮುತ್ತೈದೆಗೆ ಮಡಿಲು ತುಂಬುವ ಹಾಗೆ ಗೊಂಬೆಯ ಉಡಿಯಲ್ಲಿ ಒಂದು ಅರಿಷಿಣ ಕೊಂಬು ಸಿಕ್ಕಿಸುತ್ತಾರೆ. “ಹೊಸಾ ಸೀರಿ ಉಡಿಸಿ ಖಾಲಿ ಉಡೀಲೆ ನಿಂದ್ರಸಬಾರದ್ರಿ.” ಮೊದಲು ಅಕ್ಕಿ ಹಾಕುತ್ತಿದ್ದರು. ಅಕ್ಕಿಗೆ ಬಂದ ಇಲಿಗಳು ಮೂರು ರೇಷ್ಮೆ ಸೀರೆ ಕಡಿದವು. “ಸಾವಕಾರ್ರು ಬೈದ್ರು, ಬೈಸ್ಕೊಂಡೆ. ತಪ್ಪು ನಂದ ಅಲ್ರಿ? ಮರುದಿನದಿಂದ ಅರಿಷಿಣ ಹಿಡದೆ.”

ಅಂಗಡಿ ಇಡುವುದೋ ಮುಚ್ಚುವುದೋ ಈ ತಿಂಗಳ ಕೊನೆಗೆ ಹೇಳುತ್ತೇನೆ ಎಂದಿದ್ದಾರೆ ಸಾಹುಕಾರ ವಿರೂಪಾಕ್ಷ. ಅಂದಿನಿಂದ ಲಗಮವ್ವನಿಗೆ ಊಟ ಸೇರುತ್ತಿಲ್ಲ. “ಐವತ್ಮೂರು ನಡದಾವ. ಗೊಂಬಿಗೆ ಸೀರಿ ಉಡಸಾಕ ಬಾ ಅಂತ ಇನ್ನ ಯಾರ್ ಕರೀತಾರ್ರಿ?”

ನಾವು ಮಾತಾಡುತ್ತಿರುವಾಗಲೇ ಟೆಂಪೊ ಬಂದು ನಿಲ್ಲುತ್ತದೆ. ನಾಲ್ಕು ಗೊಂಬೆಗಳು ಧಾರವಾಡದ ಅಂಗಡಿಯೊಂದಕ್ಕೆ ಮಾರಾಟವಾಗಿವೆಯಂತೆ. ಇವರಿಗೆ ಒಂದು ಮಾತು ಹೇಳಿದವರಿಲ್ಲ. ಲಗಮವ್ವ ಅಂಗಡಿಯ ಸೀರೆ ಬಿಚ್ಚಿ ಮಡಚಿಟ್ಟು, ಹಿಂದಿನ ಓಣಿಯ ಮನೆಗೆ ಹೋಗಿ ತಮ್ಮವೇ ನಾಲ್ಕು ಹಳೆಯ ಸೀರೆ ತಂದು ಉಡಿಸುತ್ತಾರೆ. ಮತ್ತೆ ಅರಿಷಿಣ ಕೊಂಬು.

“ಯಕ್ಕಾ, ಪ್ಲಾಸ್ಟಿಕ್ಕಿಗೂ ಉಡಿ ತುಂಬತಿ? ನಾಳೆ ಬಸರಾದ್ಲಂತ ಕುಬಸಾನೂ ಮಾಡ್ತಿ ನೋಡು,” ಎಂದು ಟೆಂಪೊ ಚಾಲಕ ಭೀಮಶಿ ನಗುತ್ತಾನೆ.

“ನೀ ಸಾವಕಾಶ ಗಾಡಿ ಹೊಡಿ. ಆ ಹಸರ ಸೀರಿ ಉಟ್ಟಾಕಿದು ಎಡಗೈ ಸಡಲ ಐತಿ.”

ಟೆಂಪೊ ಹೋಗುತ್ತದೆ. ಲಗಮವ್ವ ಉಳಿದೆರಡರಲ್ಲಿ ಒಂದನ್ನು ಬಾಗಿಲ ಹತ್ತಿರ ಎಳೆದು ನಿಲ್ಲಿಸುತ್ತಾರೆ.

“ಹಾದಿಗೆ ಕಾಣೂವಂಗ ಒಂದರ ಇರಲ್ರಿ. ಆಕಿ ಉಟ್ಟು ನಿಂತಿದ್ರ ಅಂಗಡಿ ಐತಿ ಅಂತ ಮಂದಿಗೆ ಗೊತ್ತಾಕ್ಕೈತಿ. ಮುಚ್ಚೂ ದಿನಾ ಬಂದ್ರ ಬರಲಿ. ಅವತ್ತೂ ಆಕಿ ನಿರಿಗಿ ಒಂದೂ ತಪ್ಪಿರೂದಿಲ್ಲ.”