ಉಸ್ತಾದರ ಎದುರಂಗಡಿ

ಕಡೂರಿನಲ್ಲಿ ಸುಟ್ಟ ಬೋರ್‌ವೆಲ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಒಬ್ಬ ಮೆಕ್ಯಾನಿಕ್‌ನ ಅಂಗಡಿ ನನ್ನ ಕ್ಯಾಂಟೀನಿನ ಪಕ್ಕದಲ್ಲಿತ್ತು. ಅವನಿಗೆ ಕೆಲಸ ಕಲಿಸಿದ ಉಸ್ತಾದರದು ಎದುರು ಸಾಲಿನಲ್ಲಿ. ಬೆಳಿಗ್ಗೆ ಎಷ್ಟು ಬೇಗ ಬಂದರೂ ಇವನು ತನ್ನ ಬೀಗ ಮುಟ್ಟುತ್ತಿರಲಿಲ್ಲ. ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ, "ಉಸ್ತಾದ್ ತೆಗೀಲಿ, ಇರಿ" ಅನ್ನುತ್ತಿದ್ದ. ಅವರ ಷಟರ್ ಎದ್ದ ಮೇಲೆಯೇ ಇವನದು.

ವ್ಯಾಪಾರ ಸಾಲದೆಂದು ಒಮ್ಮೆ, ಫೋನಿನಲ್ಲಿ ಹುಡುಕುವವರಿಗೆ ಮೊದಲು ಕಾಣುವಂಥ ಜಾಹೀರಾತು ಹಾಕಿದ. ಯಾವ ಪದ ಹುಡುಕಿದರೆ ನಿಮ್ಮ ಅಂಗಡಿ ಕಾಣಬೇಕೆಂದು ಕೇಳಿ, ಫೋನೇ ಒಂದಷ್ಟು ಪದ ಸೂಚಿಸಿತು. ಇವನು ಓದದೆ ಎಲ್ಲವನ್ನೂ ಒತ್ತಿಬಿಟ್ಟ. ಅದರಲ್ಲಿ ಉಸ್ತಾದರ ಅಂಗಡಿಯ ಹೆಸರೂ ಇತ್ತು.

ಪಂಚನಹಳ್ಳಿಯ ರೈತರೊಬ್ಬರು ಸುಟ್ಟ ಮೋಟಾರನ್ನು ಇವನ ಅಂಗಡಿ ಮುಂದೆ ಇಳಿಸಿ, "ಫೋನಲ್ಲಿ ಉಸ್ತಾದ್ರ ಅಂಗಡಿ ಹುಡುಕ್ದೆ, ಇದೇ ಮೊದ್ಲು ಬಂತು ಕಣ್ರೀ. ಇದೇ ತಾನೆ?" ಎಂದರು. ಎದುರಿದ್ದ ಉಸ್ತಾದರಿಗೂ ಅದು ಕೇಳಿಸಿತು. ಇವನು ತಲೆಯೆತ್ತದೆ ಮೋಟಾರನ್ನು ಹೊತ್ತು ಅವರ ಬಾಗಿಲಲ್ಲಿ ಇಟ್ಟು ಬಂದ. ಜಾಹೀರಾತನ್ನು ಆಗಲೇ ತೆಗೆಸಿದ.

ಮರುದಿನ ಉಸ್ತಾದರು ಷಟರ್ ಎತ್ತದೆ ತಮ್ಮ ಮೆಟ್ಟಿಲ ಮೇಲೆ ಕೂತಿದ್ದರು. "ಫೋನಲ್ಲಿ ಮೊದ್ಲು ಕಾಣೋನು ನೀನು. ನೀನೇ ಮೊದ್ಲು ತೆಗಿಯಪ್ಪಾ" ಎಂದರು.

ಬಿಸಿಲೇರಿದರೂ ಎರಡು ಬಾಗಿಲೂ ಮುಚ್ಚೇ ಇದ್ದವು. ಬೀಗದ ಕೈ ಅವನ ಮುಷ್ಟಿಯೊಳಗಿತ್ತು, ಬೆರಳಲ್ಲಿ ತಿರುಗುತ್ತಿರಲಿಲ್ಲ.