ಅತ್ತಿಗೆಯ ಹೊಳೆಯುವ ಹಣೆ

ನನ್ನ ಅತ್ತಿಗೆ ತೆಗೆಯಲಾರದ ಕಲೆ ಇಲ್ಲ ಎಂದು ಅವರ ಲಾಂಡ್ರಿಯವರೇ ಹೇಳುತ್ತಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಡೆ ಬಾಯ್ಲರ್, ಇನ್ನೊಂದು ಕಡೆ ಸ್ಪಿರಿಟ್ ಬಾಟಲಿಗಳ ಸಾಲು, ನಡುವೆ ಇವರ ಮೇಜು. ಶಾಯಿಗೆ ಒಂದು ಮದ್ದು, ತುಕ್ಕಿಗೆ ಒಂದು, ಎಣ್ಣೆಗೆ ಇನ್ನೊಂದು. ಹನ್ನೆರಡು ವರ್ಷ ಹಾಗೆ ನಿಂತು ಊರಿನವರ ಬಟ್ಟೆ ಬೆಳ್ಳಗೆ ಮಾಡಿದರು, ತಮ್ಮ ಎದೆ ಹಾಳು ಮಾಡಿಕೊಂಡರು. ಆ ಹಬೆ, ಆ ಸ್ಪಿರಿಟ್ ಬಿಟ್ಟು ಹೊರಗೆ ಬರದಿದ್ದರೆ ಇನ್ನೊಂದು ವರ್ಷಕ್ಕೆ ಮೆಟ್ಟಿಲು ಹತ್ತಲಾರಿರಿ ಎಂದು ಡಾಕ್ಟರು ಹೇಳಿದ್ದರು. ಈ ಮಾತು ಅಣ್ಣನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಲಾಂಡ್ರಿಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮನೆಗೇ ಕಳಿಸುತ್ತಾರೆಂಬ ಹೆದರಿಕೆಯಲ್ಲಿ ಅತ್ತಿಗೆ ಕೆಮ್ಮು ಬಂದಾಗೆಲ್ಲ ಬಾಯ್ಲರ್ ಹಿಂದೆ ಹೋಗಿ ಕೆಮ್ಮುತ್ತಿದ್ದರು.

ಅಷ್ಟರಲ್ಲಿ ಮುಂದಿನ ಕೌಂಟರಿನ ಹೆಂಗಸು ಕೆಲಸ ಬಿಡುತ್ತಾಳೆಂದು ಸುದ್ದಿ ಬಂತು. ಅಲ್ಲಿ ಕುರ್ಚಿಯಿದೆ, ಫ್ಯಾನಿದೆ, ಬಾಗಿಲು ಇಡೀ ದಿನ ತೆರೆದಿರುತ್ತದೆ. ಅತ್ತಿಗೆ ಧೈರ್ಯ ಮಾಡಿ ಯಜಮಾನಿಯನ್ನು ಕೇಳಿದರು. ಒಂದು ದಿನ ಕೂತು ನೋಡು ಅಂದರಂತೆ. ಕೂತರು. ಮಧ್ಯಾಹ್ನದ ಹೊತ್ತಿಗೆ ಹಣೆ ಒರೆಸಿಕೊಂಡ ಕೈಯಲ್ಲೇ ಒಬ್ಬರ ಕೆನೆಬಣ್ಣದ ರೇಷ್ಮೆ ಸೀರೆ ಎತ್ತಿಕೊಂಡರು, ಸೆರಗಿನ ಮೇಲೆ ಹೆಬ್ಬೆರಳಿನ ಎಣ್ಣೆ ಗುರುತು ಎದ್ದು ಕಂಡಿತು. ಕಲೆ ತೆಗೆಯುವವರ ಕೈಯಿಂದಲೇ ಕಲೆ.

ಯಜಮಾನಿ ಬೈಯಲಿಲ್ಲ. "ಗಿರಾಕಿಗಳು ಮೊದಲು ನೋಡೋದು ನಿನ್ನ ಮುಖಾನ, ಆಮೇಲೇನೆ ಬಟ್ಟೆ ಕೊಡೋದು. ಮೂರು ವಾರ ಟೈಮಿದೆ, ಏನಾದ್ರೂ ಮಾಡ್ಕೋ. ಆಮೇಲೆ ಇನ್ನೊಂದು ದಿನ ಕೂರಿಸಿ ನೋಡ್ತೀನಿ" ಅಂದರು.

ಅತ್ತಿಗೆಯ ಮುಖ ಮೊದಲಿಂದಲೂ ಎಣ್ಣೆಯೇ. ಬೆಳಿಗ್ಗೆ ತೊಳೆದರೆ ಹತ್ತು ಗಂಟೆಗೆ ಮೂಗು ಮಿಂಚುತ್ತದೆ, ಕೆನ್ನೆಯ ಮೇಲೆ ಯಾವಾಗಲೂ ಎರಡು ಮೂರು ಮೊಡವೆ. ನಾನು ತಮಾಷೆ ಮಾಡುತ್ತಲೇ ಇದ್ದೆ, ಅವರು ನಗುತ್ತಲೇ ಇದ್ದರು. ನನ್ನ ಬಾಯಿಗೆ ಬೀಗ ಇಲ್ಲ ಅಂತ ನಮ್ಮಮ್ಮನೂ ಹೇಳುತ್ತಿದ್ದರು.

ಆದರೆ ಈ ಸಲ ಅವರು ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಲೇ ಇಲ್ಲ. ನಾಲ್ಕನೇ ದಿನ ಬಚ್ಚಲ ಬಾಗಿಲು ತೆರೆದಿತ್ತು, ನೋಡಿ ದಂಗಾದೆ. ಮುಖಕ್ಕೆಲ್ಲ ಸೀಮೆಸುಣ್ಣದ ಪುಡಿ ಬಳಿದುಕೊಂಡು ಗಡಿಯಾರ ನೋಡುತ್ತಾ ನಿಂತಿದ್ದಾರೆ. ಎಣ್ಣೆ ಕಲೆಗೆ ಲಾಂಡ್ರಿಯಲ್ಲಿ ಮಾಡುವುದೇ ಹಾಗಂತೆ. ಮೊದಲು ಪುಡಿ ಹಾಕಿ ಕಾಲು ಗಂಟೆ ಬಿಡಬೇಕು, ಬ್ರಷ್ ಹೊಡೆಯಬೇಕು, ಬಿಸಿ ನೀರಲ್ಲಿ ಬಟ್ಟೆ ಸೋಪು ಹಚ್ಚಿ ಉಜ್ಜಬೇಕು. ದಿನಕ್ಕೆ ಮೂರು ಸಲ ಮಾಡುತ್ತಿದ್ದರು. ಚರ್ಮ ಕೆಂಪಗೆ ಸುಲಿದುಹೋಗಿತ್ತು, ಅದರ ಮೇಲೆ ಎಣ್ಣೆ ಮೊದಲಿನಂತೆಯೇ ಕೂತಿತ್ತು.

ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಮುಖ ಹೀಗೆ ಉಜ್ಜಬೇಡಿ ಎಂದು ದಿನಾ ಹತ್ತು ಜನಕ್ಕೆ ಹೇಳುತ್ತೇನೆ, ಮನೆಯಲ್ಲಿ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಕೈ ಹಿಡಿದು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆ ಡಾಕ್ಟರಮ್ಮ ಮುಖ ನೋಡಿ, ಬಟ್ಟೆಯ ಎಣ್ಣೆ ಹೊರಗಿಂದ ಬಿದ್ದದ್ದು, ಒಂದು ಸಲ ತೆಗೆದರೆ ಮುಗಿಯಿತು, ಮುಖದ ಎಣ್ಣೆ ಒಳಗಿಂದ ಬರುವುದು, ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಹದದಲ್ಲಿಡಿ ಅಂದರು. ಬೆಳಿಗ್ಗೆ, ಸಂಜೆ ಎರಡೇ ಸಲ ಸೌಮ್ಯವಾದ ಫೇಸ್‌ವಾಶ್. ಒದ್ದೆಯಾರುವ ಮೊದಲೇ ಜಿಡ್ಡಿಲ್ಲದ ತೆಳು ಮಾಯಿಶ್ಚರೈಸರ್. ಹಗಲು ಹೊರಗೆ ಹೋಗುವಾಗ ಸನ್‌ಸ್ಕ್ರೀನ್. ಉರಿ ಇಳಿದ ಮೇಲೆ ಮೊಡವೆಗೆ ಒಂದು ಮುಲಾಮು. ಮಧ್ಯೆ ಹೊಳೆದರೆ ಟಿಶ್ಯೂ ಒತ್ತಿ ತೆಗೆಯಬೇಕು, ಉಜ್ಜಬಾರದು. ಫಲ ಕಾಣಲು ಆರೇಳು ವಾರ ಬೇಕು.

"ನಂಗಿರೋದು ಹದಿನೇಳು ದಿನ" ಎಂದು ಅತ್ತಿಗೆ ಅಲ್ಲೇ ಅತ್ತುಬಿಟ್ಟರು.

ಎಣ್ಣೆ ಮುಖಕ್ಕೆ ಮೇಲಿಂದ ಕ್ರೀಮು ಹಚ್ಚುವುದು ಅವರಿಗೆ ಒಗೆದ ಬಟ್ಟೆಗೆ ಮಸಿ ಬಳಿದಂತೆಯೇ ಅನಿಸುತ್ತಿತ್ತು. ಆದರೂ ಹಚ್ಚಿದರು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹೊಡೆದರು. ಒಂದು ವಾರ ಏನೂ ಆಗಲಿಲ್ಲ. ಮುಖ ಅಷ್ಟೇ ಹೊಳೆಯಿತು, ಕೆಮ್ಮು ಮಾತ್ರ ಜಾಸ್ತಿಯಾಯಿತು. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕನ್ನಡಿ ಮುಂದೆ ನಿಲ್ಲುತ್ತಿದ್ದರು. ಅಣ್ಣ ಏನೋ ಸಮಾಧಾನ ಹೇಳಲು ಹೋದರೆ, ಉಸಿರು ಸಿಗದಿರುವುದು ನಿಮಗಲ್ಲವಲ್ಲ ಅಂದರು.

ಎರಡನೇ ವಾರದ ಕೊನೆಗೆ ಕೆಂಪು ಇಳಿಯಿತು. ಮೊಡವೆ ಎರಡು ಒಣಗಿದವು. ಹೊಳಪು ಪೂರ್ತಿ ಹೋಗಲಿಲ್ಲ ನಿಜ, ಆದರೆ ಹತ್ತು ಗಂಟೆಗೆ ಮಿಂಚುತ್ತಿದ್ದ ಮೂಗು ಹನ್ನೆರಡರವರೆಗೆ ತಡೆಯಿತು. ನೋಡಿದರೆ ಸುಮ್ಮನೆ ಒಬ್ಬ ಹೆಂಗಸಿನ ಮುಖ, ಅಷ್ಟೇ. ಅಷ್ಟು ಸಾಕಿತ್ತು.

ಕೌಂಟರಿನಲ್ಲಿ ಎರಡನೇ ಸಲ ಕೂರುವ ದಿನ ಬೆಳಿಗ್ಗೆ, ಅಂಗಡಿಯವರು ಕೊಟ್ಟ, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ನನ್ನ ಮುಂದೆ ಬಂದು ನಿಂತರು. ನಾನು ಬಸ್ಸಿಗೆ ಲೇಟಾಗಿ ಒಂದು ಕೈಯಲ್ಲಿ ತಲೆ ಬಾಚುತ್ತಿದ್ದೆ.

"ನಿಜ ಹೇಳು, ಹೊಳೀತಿದ್ಯಾ?"

"ಸ್ವಲ್ಪ. ಕರೆಂಟ್ ಹೋದ್ರೂ ನಿಮ್ಮ ಕೌಂಟರಿಗೆ ಚಿಂತೆಯಿಲ್ಲ ಬಿಡಿ" ಅಂದೆ.

ಹೊಳೆಯುತ್ತಿರಲಿಲ್ಲ. ನಾನು ಸರಿಯಾಗಿ ನೋಡಿರಲೂ ಇಲ್ಲ. ನಾಲಿಗೆ ತುದಿಯಲ್ಲಿ ಹಳೆಯ ಮಾತು ಸಿದ್ಧವಾಗಿತ್ತು, ಬಂತು. ಅತ್ತಿಗೆ ನಕ್ಕರು, ಛತ್ರಿ ತಗೊಂಡು ಹೋದರು.

ಮುಂದಿನದನ್ನು ಅವರ ಜೊತೆ ಕೆಲಸ ಮಾಡುವ ಇಸ್ತ್ರಿಯವನು ಹೇಳಿದ. ಅಂಗಡಿ ತೆರೆಯುವ ಮೊದಲು ಅತ್ತಿಗೆ ಹಿಂದಿನ ಕೋಣೆಗೆ ಹೋದರಂತೆ. ಹಠಮಾರಿ ಎಣ್ಣೆ ಕಲೆಗೆ ಕೊನೆಯಲ್ಲಿ ಬಳಸುವ ಸ್ಪಿರಿಟ್ಟನ್ನು ಹತ್ತಿಗೆ ಸುರಿದು ಹಣೆ, ಮೂಗು, ಕೆನ್ನೆ ಒರೆಸಿಕೊಂಡರಂತೆ. ಎರಡು ವಾರದ ಜೋಪಾನವೆಲ್ಲ ಎರಡು ನಿಮಿಷದಲ್ಲಿ ಹೋಯಿತು. ಮುಖ ಬೆಂದಂತೆ ಕೆಂಪಾಯಿತು, ಕಣ್ಣಲ್ಲಿ ನೀರು ಸುರಿಯಿತು, ಮುಖದ ಮೇಲಿನ ಆ ವಾಸನೆ ನೇರ ಎದೆಗಿಳಿಯಿತು. ಮೊದಲ ಗಿರಾಕಿ ಶರಟು ಚಾಚುವಾಗ ಅತ್ತಿಗೆಗೆ ಕೆಮ್ಮು ಬಂತು. ಕೌಂಟರಿನಲ್ಲಿ ಅಡಗಿಕೊಳ್ಳಲು ಬಾಯ್ಲರ್ ಇಲ್ಲ. ನಿಲ್ಲಿಸಲಾಗದೆ ನೆಲಕ್ಕೆ ಕೂತುಬಿಟ್ಟರು.

ಯಜಮಾನಿ ನೀರು ಕೊಟ್ಟರು, ಕೆಮ್ಮು ಎಷ್ಟು ದಿನದ್ದು ಎಂದು ಕೇಳಿದರು. ಉತ್ತರ ಕೇಳಿ, ಇನ್ನು ಮುಂದೆ ಬರುವುದು ಬೇಡ ಎಂದು ಮೆಲ್ಲಗೇ ಹೇಳಿದರಂತೆ. ಆಟೋ ಹತ್ತಿಸುವಾಗ ಮಾತ್ರ ಇನ್ನೊಂದು ಮಾತು ಅಂದರು: "ಬೆಳಿಗ್ಗೆ ಬಾಗಿಲಲ್ಲಿ ನೋಡಿದಾಗ ಮುಖ ಎಷ್ಟು ಚೆನ್ನಾಗಿತ್ತಲ್ಲ. ಇವಳೇ ಇರ್ಲಿ ಅಂತ ಆಗ್ಲೇ ಅಂದ್ಕೊಂಡಿದ್ದೆ."

ಈ ಮಾತನ್ನು ಅತ್ತಿಗೆಯೇ ನನಗೆ ಹೇಳಿದರು, ಮರುದಿನ ನಮ್ಮ ಶಾಪಿನ ಕೌಂಟರಿನ ಆಚೆ ನಿಂತು, ಸುಟ್ಟ ಕೆನ್ನೆಗೆ ಮುಲಾಮು ತಗೊಳ್ಳುತ್ತಾ. ಯಾಕೆ ಹಾಗೆ ಮಾಡಿಕೊಂಡೆ ಎಂದು ಅಣ್ಣ ಹತ್ತು ಸಲ ಕೇಳಿದ್ದ. ಹೆದರಿಕೆ ಆಯ್ತು ಎಂದಷ್ಟೇ ಅವನಿಗೆ ಹೇಳಿದ್ದರು. ನಾನು ಕೇಳಲಿಲ್ಲ. ಅವರೂ ಹಿಂದಿನ ಬೆಳಿಗ್ಗೆ ನಾನಾಡಿದ ಮಾತನ್ನು ಎತ್ತಲಿಲ್ಲ. ಮುಲಾಮಿನ ಡಬ್ಬಿ ಕೈಚೀಲಕ್ಕೆ ಹಾಕಿಕೊಂಡು, ಗಾಜಿನ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಅದರಲ್ಲಿ ಕಾಣುವ ತಮ್ಮ ಮುಖ ನೋಡಿದರು.

"ಈಗ ಹೊಳೀತಿಲ್ಲ ಅಲ್ವಾ?" ಅಂದರು.

ಇಲ್ಲ ಅತ್ತಿಗೆ ಅಂದೆ. ಈ ಸಲ ಸರಿಯಾಗಿ ನೋಡಿ ಹೇಳಿದೆ.